ನಲವತ್ತು ಹೆಜ್ಜೆಯ ತಪ್ಪಿಗೆ ಮಂಗೋಲಿಯಾ

ಹಿನ್ನೀರಿನ ದಂಡೆ

ನಾನು ನಿಂತಿದ್ದು ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ, ಟಿ.ಬಿ. ಡ್ಯಾಂ ಕಾಲೊನಿಯಿಂದ ಬೈಕಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ, ನೀರು ಇಳಿದಾಗ ಮಾತ್ರ ತಲೆ ತೋರಿಸುವ ಒಂದು ಕಪ್ಪು ಬಂಡೆಯ ಪಕ್ಕದಲ್ಲಿ. ಕಳೆದ ವರ್ಷ ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸೂರ್ಯ ಬೆನ್ನಿಗಿದ್ದ. ಮಂಜು ಇರಲಿಲ್ಲ. ಮುಂದೆ ನಡೆದದ್ದಕ್ಕೆ ಬೆಳಕನ್ನು ದೂರುವಂತಿಲ್ಲ ಎಂದು ಇಷ್ಟನ್ನು ಮೊದಲೇ ಬರೆಯುತ್ತಿದ್ದೇನೆ.

ಮೂವತ್ತಮೂರು ವರ್ಷ ನಾನು ಕಾಲುವೆ ಕಚೇರಿಯಲ್ಲಿ ಗೇಜ್ ಓದುತ್ತಿದ್ದೆ. ನೀರಿನಲ್ಲಿ ನೆಟ್ಟ ಅಳತೆಪಟ್ಟಿಯನ್ನು ನೋಡಿ, ಮಟ್ಟ ಎಷ್ಟಿದೆ ಎಂದು ಗಂಟೆ ಹಾಕಿ ಪುಸ್ತಕದಲ್ಲಿ ಬರೆಯುವ ಕೆಲಸ. ನಿವೃತ್ತಿಯಾದ ಮೇಲೆ ಕಣ್ಣಿಗೆ ಓದಲು ಏನಾದರೂ ಬೇಕಾಯಿತು, ಹಕ್ಕಿಗಳ ಕಡೆ ತಿರುಗಿದೆ. ಕ್ಯಾಮೆರಾ ಹಿಡಿಯಲು ಕಲಿಸಿದವನು ಖಾದರ್. ಹೊಸಪೇಟೆಯಲ್ಲಿ ಅವನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊ. ಭಾನುವಾರ ಇಬ್ಬರೂ ಅವನ ಬೈಕಿನಲ್ಲಿ ಕಮಲಾಪುರದ ಕೆರೆಗೋ, ಕಂಪ್ಲಿಯ ಗದ್ದೆಗಳಿಗೋ, ಸಂಡೂರಿನ ಕಣಿವೆಗೋ ಹೋಗುತ್ತೇವೆ. ಅವನಿಗೆ ಹಕ್ಕಿಯ ಹೆಸರು ಬೇಕಿಲ್ಲ. "ಮದುಮಗಳ ಹೆಸರು ಕೇಳಿ ಫೋಟೊ ಹೊಡೀತೀನೇನ್ರಿ? ಲೈಟ್ ಬಿದ್ರ ಸಾಕು," ಎನ್ನುತ್ತಾನೆ. ನನಗೆ ಹೆಸರೇ ಬೇಕು. ಹೆಸರು, ಗಂಟೆ, ಎಷ್ಟು ಇದ್ದವು, ಯಾವ ದಿಕ್ಕಿಗೆ ಹೋದವು.

ಅಂದು ದಂಡೆಯ ಕೆಸರಿನಲ್ಲಿ ಇನ್ನೂರಕ್ಕೆ ಹತ್ತಿರ ಪಟ್ಟೆತಲೆ ಹೆಬ್ಬಾತುಗಳಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಕಾಡಿಗೆಯಲ್ಲಿ ಗೀರಿದಂತೆ ಎರಡು ಕಪ್ಪು ಪಟ್ಟೆ. ಇವು ಹಿಮಾಲಯದ ಆಚೆಯಿಂದ ಪ್ರತಿ ಚಳಿಗಾಲ ನಮ್ಮ ನೀರಿಗೆ ಬಂದು, ಬೇಸಿಗೆ ಏರುವ ಮೊದಲು ಹೋಗಿಬಿಡುತ್ತವೆ. ಅವುಗಳಲ್ಲಿ ಒಂದರ ಕುತ್ತಿಗೆಗೆ ಹಸಿರು ಪ್ಲಾಸ್ಟಿಕ್ಕಿನ ಕೊರಳಪಟ್ಟಿ ಇತ್ತು.

ಕೊರಳಪಟ್ಟಿ ಎಂದರೆ ಎಲ್ಲೋ ದೂರದಲ್ಲಿ ಯಾರೋ ಅದನ್ನು ಹಿಡಿದು, ಗುರುತು ಹಾಕಿ ಬಿಟ್ಟಿದ್ದಾರೆಂದು ಅರ್ಥ. ಆ ಗುರುತನ್ನು ಓದಿ ಬರೆದು ಕಳಿಸಿದರೆ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ದುರ್ಬೀನಿನಲ್ಲಿ ನನಗೆ 'ಕೆ' ಅಕ್ಷರ ಕಂಡಿತು, '೩' ಕಂಡಿತು. ಅದರ ಮುಂದಿನ ಅಂಕಿ ಗರಿಯಲ್ಲಿ ಮುಚ್ಚಿತ್ತು. ಒಂದೇ ಒಂದು ಅಂಕಿ.

ಬಂಡೆ ಬಿಟ್ಟು ನಡೆದೆ. ಹೆಜ್ಜೆ ಎಣಿಸುವುದು ನನ್ನ ಹಳೆಯ ಚಾಳಿ. ಮೂವತ್ತನೆಯ ಹೆಜ್ಜೆಗೆ ಖಾದರ್ ಹಿಂದಿನಿಂದ ಸಣ್ಣಗೆ ಕರೆದ.

"ಆಚಾರ್ರೇ, ಸಾಕು ನಿಲ್ರಿ. ಕತ್ತು ಎತ್ತಿದವು ನೋಡ್ರಿ."

ಬಾತುಗಳು ಮೇಯುವುದು ಬಿಟ್ಟು ಕತ್ತು ನೇರ ಮಾಡಿದರೆ ನಿಂತುಬಿಡಬೇಕು. ಈ ನಿಯಮವನ್ನು ಅವನಿಗೆ ಹೇಳಿಕೊಟ್ಟವನೇ ನಾನು. ಆದರೂ ಇನ್ನೂ ಹತ್ತು ಹೆಜ್ಜೆ ಇಟ್ಟೆ. ನಲವತ್ತನೆಯದಕ್ಕೆ ಇಡೀ ಹಿಂಡು ಎದ್ದಿತು. ಗಾಳಿಗೆ ಎದುರಾಗಿ, ತೀರ ತಗ್ಗಿನಲ್ಲಿ, ಎಡಕ್ಕೆ. ಎಡಕ್ಕೆ ಒಂದು ಮೀನಿನ ಬಲೆಯನ್ನು ಗಳಗಳಿಗೆ ಕಟ್ಟಿ ಒಣಗಲು ಬಿಟ್ಟಿದ್ದರು. ಉಳಿದವು ದಾಟಿದವು. ಹಸಿರು ಪಟ್ಟಿಯದು ದಾಟಲಿಲ್ಲ.

ಅದು ಬಲೆಗೆ ಬಡಿದ ಸದ್ದು ಹೀಗಿತ್ತೆಂದು ಬರೆಯಲು ಆರು ಸಲ ಪ್ರಯತ್ನಿಸಿ ಹೊಡೆದುಹಾಕಿದ್ದೇನೆ.

ಬಲೆಯ ಒಡತಿ ಹುಲಿಗೆಮ್ಮ ಗುಡಿಸಲಿನಿಂದ ಓಡಿ ಬಂದರು. ಐವತ್ತರ ಆಸುಪಾಸಿನ ಮೀನುಗಾರ್ತಿ. ನಾನು ಗೇಜ್ ಓದುವ ಕಾಲದಿಂದ ಮುಖಪರಿಚಯ. "ಯಾವನಲೇ ಅಂವ, ಬೆಳಬೆಳಿಗ್ಗೆ ಬಾತು ಅಟ್ಟಾಡಸಾಂವ?" ಎನ್ನುತ್ತ ಬಂದವರು ನನ್ನನ್ನು ನೋಡಿ, "ನೀವೇನ್ರಿ ಗೇಜ್ ಸಾಹೇಬ್ರ? ಓದಿದಾವ್ರು!" ಎಂದರು. ಆ 'ಓದಿದಾವ್ರು' ಎಂಬ ಮಾತಿಗಿಂತ ಅವರು ಮೊದಲು ಬೈದದ್ದೇ ಹಗುರವಾಗಿತ್ತು.

ನಾನು ನೂಲಿನ ಗಂಟು ಬಿಡಿಸಲು ಕೈ ಹಾಕಿದೆ. ಹಕ್ಕಿ ಒದ್ದಾಡಿದಷ್ಟೂ ರೆಕ್ಕೆ ಇನ್ನಷ್ಟು ಸುತ್ತಿಕೊಂಡಿತು. ಹುಲಿಗೆಮ್ಮ ನನ್ನ ಕೈ ಸರಿಸಿ, ಮೀನು ಕೊಯ್ಯುವ ಚೂರಿ ತೆಗೆದು ಬಲೆಯನ್ನೇ ಕೊಯ್ದರು. ಹೊಸ ಬಲೆ ಅದು.

"ಅಯ್ಯೋ, ಬಲೆ..." ಎಂದೆ.

"ಬಲಿ ಮತ್ತ ಹೆಣೀಬಹುದು ಸಾಹೇಬ್ರ. ರೆಕ್ಕಿ ಹೆಣಿಯಾಕ ನನಗ ಬರಂಗಿಲ್ಲ."

ಹಕ್ಕಿಯನ್ನು ನನ್ನ ಕೈಗಿಟ್ಟರು. ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು. ಕೊರಳಪಟ್ಟಿ ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು: ಕೆ ೩೧. ಓದಬೇಕೆಂದಿದ್ದೆ, ಓದಿದೆ. ಎಡರೆಕ್ಕೆಯ ಮೂರು ದೊಡ್ಡ ಗರಿಗಳು ಮುರಿದು ಜೋತಿದ್ದವು. ಎಡಗಾಲಿನ ಬೆರಳುಗಳ ನಡುವಿನ ಪದರ ಹರಿದಿತ್ತು. ಬಿಟ್ಟಾಗ ಅದು ತಗ್ಗಿನಲ್ಲಿ ವಾಲುತ್ತ ಹಾರಿ, ನೀರಿಗೆ ಬಿದ್ದು, ಈಜುತ್ತ ನಡುವಿಗೆ ಹೋಯಿತು.

ಹುಲಿಗೆಮ್ಮ ಬಹಳ ಹೊತ್ತು ಅದನ್ನೇ ನೋಡಿದರು. "ಇದು ತಮ್ಮ ಊರು ಮುಟ್ಟತೈತೇನ್ರಿ?"

"ಗೊತ್ತಿಲ್ಲ."

"ಗೊತ್ತು ಮಾಡ್ಕೊಂಡು ನನಗ ಬಂದು ಹೇಳ್ರಿ," ಎಂದು ಹರಿದ ಬಲೆಯನ್ನು ಬಿಚ್ಚಲು ಹೋದರು.

ಹೊರಡುವ ಮುನ್ನ

ಮನೆಗೆ ಬಂದು ಕೊರಳಪಟ್ಟಿಯ ಗುರುತನ್ನು ಇಂಟರ್‌ನೆಟ್ಟಿನಲ್ಲಿ ಸಿಕ್ಕ ವಿಳಾಸಕ್ಕೆ ಕಳಿಸಿದೆ. ಮಂಗೋಲಿಯಾದಿಂದ ಬೋಲೋರ್ ಎಂಬ ಸಂಶೋಧಕಿ ಉತ್ತರ ಬರೆದರು. ಎರಡು ಬೇಸಿಗೆಯ ಹಿಂದೆ ಆ ಹಕ್ಕಿಗೆ ಪಟ್ಟಿ ತೊಡಿಸಿದವರು ಅವರೇ. ಅದು ಚಳಿಗಾಲ ಎಲ್ಲಿ ಕಳೆಯುತ್ತದೆಂದು ಅವರಿಗೆ ತಿಳಿದದ್ದು ನನ್ನ ಪತ್ರದಿಂದ. ನಕಾಶೆಯ ಮೇಲೆ ತಮ್ಮ ಸರೋವರದಿಂದ ನಮ್ಮ ಡ್ಯಾಮಿನವರೆಗೆ ಕೆಂಪು ಗೆರೆ ಎಳೆದು ಕಳಿಸಿದ್ದರು.

ನಾನು ಅವರಿಗೆ ಬರೆದದ್ದು ಇಷ್ಟು: "ದಂಡೆಯಿಂದ ಕಂಡೆ." ಬಲೆಯ ಮಾತು ಬರೆಯಲಿಲ್ಲ. ಮೂವತ್ತಮೂರು ವರ್ಷದಲ್ಲಿ ಒಂದು ಅಂಗುಲ ತಪ್ಪು ಬರೆದವನಲ್ಲ. ಇಲ್ಲಿ ಮಾತ್ರ ಬರೆದೆ.

ಮಾರ್ಚಿನಲ್ಲಿ ಬಾತುಗಳು ಹೋದವು. ಮೇ ತಿಂಗಳಲ್ಲಿ ಕೇಳಿದಾಗ ಬೋಲೋರ್ "ಕೆ ೩೧ ಇನ್ನೂ ಕಂಡಿಲ್ಲ" ಎಂದರು. ಜೂನಿನಲ್ಲೂ ಅದೇ ಉತ್ತರ. ನಾನು ಬುಕ್ಕಸಾಗರದ ಕಡೆ ತರಕಾರಿಗೆ ಹೋಗುವಾಗಲೂ ಹಿನ್ನೀರಿನ ರಸ್ತೆ ಹಿಡಿಯುವುದನ್ನು ಬಿಟ್ಟಿದ್ದೆ, ಹುಲಿಗೆಮ್ಮ ಸಿಕ್ಕಾರೆಂದು. ಆ ರಸ್ತೆ ಬುಕ್ಕಸಾಗರಕ್ಕೆ ಹೋಗುವುದೇ ಇಲ್ಲ ಎಂದು ಖಾದರ್ ನೆನಪಿಸಿದ. ಮನಸ್ಸು ಅಷ್ಟು ಕೆಟ್ಟಿತ್ತು. ಕೊನೆಗೆ ಹೋಗಿ ನೋಡುವುದೆಂದು ನಿಶ್ಚಯಿಸಿದೆ.

"ಕಾಶಿಗೆ ಹೋಗೂಣ ಅಂದ್ರ ಮೊಣಕಾಲು ನೋವು ಅಂತೀರಿ. ಬಾತು ಹುಡುಕಾಕ ಚೀನಾ ದಾಟಾಕ ಹೊಂಟೀರಿ," ಎಂದಳು ನನ್ನ ಹೆಂಡತಿ. ಆಮೇಲೆ ಅವಳೇ ಅವಲಕ್ಕಿ, ಶೇಂಗಾ ಹಿಂಡಿಯ ಖಾರದ ಪುಡಿ, ಹುರಿಟ್ಟು ಕಟ್ಟಿಕೊಟ್ಟಳು. ಖಾದರ್ ಸ್ಟುಡಿಯೊಗೆ ಬೀಗ ಹಾಕಿದ. "ನೀವ್ ಒಬ್ರ ಹೋದ್ರ ಮತ್ತ ನಲವತ್ತು ಹೆಜ್ಜಿ ನಡೀತೀರಿ. ಹಿಡ್ಕೊಳ್ಳಾಕ ಒಬ್ಬ ಬೇಕು," ಎಂದ.

ಉಲಾನ್‌ಬಾತರ್

ವಿಮಾನ ನಿಲ್ದಾಣದ ಅಧಿಕಾರಿ, ಎಳೆಯ ವಯಸ್ಸಿನ ಹೆಣ್ಣುಮಗಳು, ಯಾಕೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಒಂದು ಬಾತು ನೋಡಲು."

"ಬಾತುಗಳನ್ನೇ?"

"ಇಲ್ಲ. ಒಂದನ್ನು."

ಅವಳು ನನ್ನ ಮುಖ ನೋಡಿದಳು, ಹಣೆಯ ನಾಮ ನೋಡಿದಳು, ಹಿಂದೆ ನಿಂತ ಖಾದರನ ಗಡ್ಡ ನೋಡಿದಳು. "ಇವರು?" ಎಂದಳು. "ಅದೇ ಬಾತು," ಎಂದ ಖಾದರ್. ಮುದ್ರೆ ಒತ್ತಿದಳು. ಮುಂದಿನ ಮೇಜಿನಲ್ಲಿ ಒಬ್ಬಾತ ಶೇಂಗಾ ಹಿಂಡಿಯ ಪೊಟ್ಟಣ ಬಿಚ್ಚಿ ಮೂಸಿ, ಏಳು ಸಲ ಸೀನಿದ. ಎಣಿಸಿದೆ. ಎಂಟನೆಯದು ಬರುವ ಮೊದಲೇ ಪೊಟ್ಟಣ ಮುಚ್ಚಿ ಎರಡೂ ಕೈಯಿಂದ ನಮಗೆ ಹಿಂದಿರುಗಿಸಿದ.

ಬೋಲೋರ್ ಹೊರಗೆ ಕಾಯುತ್ತಿದ್ದರು. ನಲವತ್ತರೊಳಗಿನ ವಯಸ್ಸು, ಬಿಸಿಲಿಗೆ ಕೆಂಪಾದ ಕೆನ್ನೆ, ಕಡಿಮೆ ಮಾತು. ಜೀಪು ತಾವೇ ಓಡಿಸುತ್ತಾರೆ. ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು, "ಕೆ ೩೧ ಅನ್ನು ನೋಡಿದ ಕಣ್ಣುಗಳು," ಎಂದರು. ನಾನು ನೆಲ ನೋಡಿದೆ.

ಅಲ್ಲಿ ಜುಲೈಯಲ್ಲಿ ರಾತ್ರಿ ಎಂಟೂವರೆಯಾದರೂ ಸೂರ್ಯ ಮುಳುಗುವುದಿಲ್ಲ. ನಾನು ಸಂಧ್ಯಾವಂದನೆಗೆ ನೀರಿಟ್ಟುಕೊಂಡು ಕೋಣೆಯ ಕಿಟಕಿಯಲ್ಲಿ ಕಾಯುತ್ತ ತೂಕಡಿಸಿದೆ. "ಅವನಿಗೂ ಡ್ಯೂಟಿ ಮುಗದಿಲ್ಲ, ನಿಮಗೂ ಮುಗದಿಲ್ಲ, ಉಂಡು ಮಲಕೋರಿ," ಎಂದು ಖಾದರ್ ಹೊದ್ದುಕೊಂಡ.

ದಾರಿ

ಎರಡು ದಿನದ ದಾರಿ. ಬೇಲಿ ಇಲ್ಲ, ಹೊಲ ಇಲ್ಲ, ಬಹಳ ದೂರದವರೆಗೆ ಮರವೂ ಇಲ್ಲ. ಹುಲ್ಲು ಮತ್ತು ದುಂಡಗಿನ ಬೆಟ್ಟಗಳು. ಯಾರೂ ಅಗೆಯದ ಬೆಟ್ಟ. ನನ್ನ ಕಣ್ಣಿಗೆ ಬೆಟ್ಟವೆಂದರೆ ಸಂಡೂರಿನದು: ಹಸಿರಿನ ನಡುವೆ ಕೆಂಪು ಮೆಟ್ಟಿಲುಗಳು, ಲಾರಿಯ ಧೂಳು. ಇಲ್ಲಿ ಪ್ರತಿ ತಿರುವಿನಲ್ಲೂ ಈಗ ಕೆಂಪು ಕಾಣುತ್ತದೆ ಎಂದುಕೊಳ್ಳುತ್ತಿದ್ದೆ. ಕಾಣಲಿಲ್ಲ.

ಕಣಿವೆಯ ನೆತ್ತಿಗಳಲ್ಲಿ ಕಲ್ಲು ಪೇರಿಸಿದ ಗುಡ್ಡೆಗಳಿದ್ದವು, ನೀಲಿ ಬಟ್ಟೆ ಕಟ್ಟಿದ್ದವು. ಬೋಲೋರ್ ಜೀಪು ನಿಲ್ಲಿಸಿ, ಮೂರು ಸುತ್ತು ಬಂದು ಒಂದು ಕಲ್ಲು ಸೇರಿಸಿ ಎಂದರು. ಖಾದರ್ ನಕ್ಕ. "ನಮ್ಮ ಹಂಪ್ಯಾಗ ಮಂದಿ ಮನಿ ಕಟ್ಟಾಕ ಆಗ್ಲಿ ಅಂತ ಕಲ್ಲು ಪೇರಸ್ತಾರ. ಇಲ್ಲಿ ಏನ್ ಬೇಡ್ಕೋಬೇಕು ಕೇಳ್ರಿ." ಕೇಳಿದೆ. ದಾರಿಯಲ್ಲಿರುವವರು ತಲುಪಲಿ ಎಂದು ಬೇಡಿಕೊಳ್ಳಬೇಕಂತೆ. ನಾನು ಒಂದು ಕಲ್ಲಿಟ್ಟೆ. ಸ್ವಲ್ಪ ಯೋಚಿಸಿ, ಸಣ್ಣದೊಂದನ್ನು ಹುಡುಕಿ ತಂದು ಇನ್ನೊಂದಿಟ್ಟೆ.

ಸರೋವರ, ಮೊದಲ ದಿನ

ಸರೋವರದ ಹೆಸರಿನ ಅರ್ಥ 'ಬಿಳಿ' ಎಂದು. ನೋಡಲು ನೀಲಿ. ಸುತ್ತ ಕಪ್ಪು ಕಲ್ಲು ಚೆಲ್ಲಾಡಿದೆ; ಹಳೆಯ ಕಾಲದ ಬೆಂಕಿಬೆಟ್ಟ ಉಗುಳಿದ್ದಂತೆ. ಕಲ್ಲಿನೂರಿನವರು ನಾವು, ಖಾದರ್ ಒಂದನ್ನು ಎತ್ತಿ ನೋಡಿ, "ಹಗುರದಾವ್ರಿ. ನಮ್ಮ ಹಂಪಿ ಕಲ್ಲಿನ ಮುಂದ ಇವು ಮಂಡಕ್ಕಿ," ಎಂದ.

ನಮಗೆ ಉಳಿಯಲು ಜಾಗ ಕೊಟ್ಟವರು ದುಲ್ಮಾ, ಎಪ್ಪತ್ತು ದಾಟಿದ ಹಿರಿಯರು. ಯಾಕ್ ಮತ್ತು ಹಸುಗಳನ್ನು ಸಾಕಿಕೊಂಡು ಉಣ್ಣೆಯ ದುಂಡನೆಯ ಡೇರೆಯಲ್ಲಿರುತ್ತಾರೆ. ಅದರ ಬಾಗಿಲು ಎದೆಯೆತ್ತರ. ಖಾದರ್ ಹಣೆ ಬಡಿಸಿಕೊಂಡು ಹೊಸ್ತಿಲ ಮೇಲೆ ಕಾಲಿಟ್ಟ. ದುಲ್ಮಾ "ಆ!" ಎಂದು ಕೈ ಎತ್ತಿದರು. ಅಲ್ಲಿಯೂ ಹೊಸ್ತಿಲು ತುಳಿಯಬಾರದು. ನಾನು ಮಾತ್ರ ಮನೆಯ ಅಭ್ಯಾಸದಂತೆ ದಾಟಿ ಬಂದದ್ದಕ್ಕೆ ನನಗೆ ಒಳ್ಳೆಯ ಜಾಗ ಸಿಕ್ಕಿತು, ಖಾದರನಿಗೆ ಬಾಗಿಲ ಬಳಿ. "ಭಾಳ ಮಸ್ತ್. ದೇಶ ಬದಲಾದ್ರೂ ಆಚಾರ್ರಿಗೇ ಗಾದಿ," ಎಂದು ಹಣೆ ಉಜ್ಜಿಕೊಂಡ.

ಚಹಾ ಕೊಟ್ಟರು. ಹಾಲು, ಚಹಾ, ಉಪ್ಪು. ಸಕ್ಕರೆಗೆ ಸಿದ್ಧವಾಗಿದ್ದ ನಾಲಿಗೆ ಗಾಬರಿಯಾಯಿತು. ಬಟ್ಟಲನ್ನು ಎಡಗೈಯಿಂದ ಮರಳಿಸಲು ಹೋಗಿ ತಡೆದುಕೊಂಡೆ. ಬಲಗೈಯೇ ಸರಿ, ಮೊಣಕೈಗೆ ಎಡಗೈ ಆಸರೆ ಕೊಟ್ಟರೆ ಇನ್ನೂ ಮರ್ಯಾದೆ. ನಮ್ಮಲ್ಲಿ ತೀರ್ಥ ತೆಗೆದುಕೊಳ್ಳುವಾಗ ಹಿಡಿಯುವ ಭಂಗಿಯೇ.

ಊಟಕ್ಕೆ ಕುರಿ. ನಾನು ತಿನ್ನುವವನಲ್ಲ. ಖಾದರನ ಕಡೆ ಅಸೂಯೆಯಿಂದ ನೋಡಿದೆ. ಅವನು ಬೋಲೋರ್ ಬಳಿ ಕುರಿ ಕೊಯ್ಯುವ ಬಗೆಯನ್ನು ವಿಚಾರಿಸಿ, ಅದು ತನ್ನ ಧರ್ಮದ ರೀತಿಯದಲ್ಲವೆಂದು ತಿಳಿದು, ನಿಟ್ಟುಸಿರು ಬಿಟ್ಟು ನನ್ನ ಅವಲಕ್ಕಿ ಡಬ್ಬಿಗೆ ಕೈ ಹಾಕಿದ. "ನಿಮ್ಮ ಜೋಡಿ ಬಂದು ನಾನೂ ಆಚಾರಿ ಆದೆ ನೋಡ್ರಿ." ಐದು ದಿನ ಇಬ್ಬರೂ ಬದುಕಿದ್ದು ಅವಲಕ್ಕಿ, ಹಿಂಡಿ ಮತ್ತು ದುಲ್ಮಾರ ಮೊಸರಿನ ಮೇಲೆ. ಮೊಸರು ಹೊಸಪೇಟೆಯದಕ್ಕಿಂತ ಗಟ್ಟಿ. ಒಣಗಿಸಿದ ಮೊಸರಿನ ಬಿಲ್ಲೆಯನ್ನೂ ಕೊಟ್ಟರು. ಅದನ್ನು ಹಲ್ಲಿನಿಂದ ಕಡಿಯಬಾರದು, ಕೆನ್ನೆಯಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾಯಬೇಕು ಎಂಬುದು ನನ್ನ ಹಲ್ಲಿಗೆ ತಡವಾಗಿ ತಿಳಿಯಿತು.

ಆ ಸಂಜೆ ಹೇಳಿದೆ. ಬೋಲೋರ್ ತಮ್ಮ ದಾಖಲೆ ಪುಸ್ತಕ ತೆರೆದು ಕೆ ೩೧ರ ಪುಟ ತೋರಿಸುತ್ತಿದ್ದರು. ನಾನು ಬಂಡೆಯಿಂದ ಶುರು ಮಾಡಿ, ನಲವತ್ತು ಹೆಜ್ಜೆ, ಬಲೆ, ಮುರಿದ ಗರಿ, ಹರಿದ ಪದರ ಎಲ್ಲವನ್ನೂ ಬಿಡದೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ದುಲ್ಮಾ ಒಲೆಗೆ ಸಗಣಿಯ ಬೆರಣಿ ಹಾಕುತ್ತಿದ್ದರು.

"ಆಗಲೇ ಯಾಕೆ ಬರೆಯಲಿಲ್ಲ?" ಎಂದರು ಬೋಲೋರ್. ದನಿ ಏರಿರಲಿಲ್ಲ. "ಗರಿ ಮುರಿದಿದೆ ಎಂದು ತಿಳಿದಿದ್ದರೆ ನಾನು ಅದನ್ನು ದೊಡ್ಡ ಹಿಂಡಿನಲ್ಲಿ ಹುಡುಕುತ್ತಿರಲಿಲ್ಲ. ಅದು ತಡವಾಗಿ ಬಂದಿರಬಹುದು, ಒಂಟಿಯಾಗಿ ಬಂದಿರಬಹುದು. ನಾನು ಎರಡು ತಿಂಗಳು ತಪ್ಪು ಜಾಗದಲ್ಲಿ ನೋಡಿದೆ."

ನಾಚಿಕೆಯಾಯಿತು ಎಂದೆ.

ಅವರು ಪುಸ್ತಕ ಎಳೆದುಕೊಂಡು ನನ್ನ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದರು. "ಬಲೆ ಕೊಯ್ದವರ ಹೆಸರು?" ಎಂದು ಕೇಳಿ, ಎರಡು ಸಲ ಹೇಳಿಸಿಕೊಂಡು, ತಮ್ಮ ಲಿಪಿಯಲ್ಲಿ ಹುಲಿಗೆಮ್ಮ ಎಂದು ಬರೆದುಕೊಂಡರು. ಆಮೇಲೆ ಹೇಳಿದರು: "ಬಾತುಗಳಿಗೆ ಈ ತಿಂಗಳು ದೊಡ್ಡ ಗರಿಗಳೆಲ್ಲ ಒಟ್ಟಿಗೆ ಉದುರುತ್ತವೆ. ಹೊಸದು ಬರುವವರೆಗೆ ಯಾವುದೂ ಹಾರಲಾರದು. ಮುರಿದ ಗರಿಯೂ ಉದುರುತ್ತದೆ. ಇಲ್ಲಿಯವರೆಗೆ ಬಂದಿದ್ದರೆ ಸಾಕು."

ಎರಡನೇ ದಿನ

ಹಾರಲಾಗದ ಈ ದಿನಗಳಲ್ಲೇ ಬೋಲೋರರ ತಂಡ ಬಾತುಗಳಿಗೆ ಪಟ್ಟಿ ತೊಡಿಸುವುದು. ನಾಲ್ಕು ಸಣ್ಣ ದೋಣಿಗಳು ಹಿಂಡನ್ನು ನಿಧಾನವಾಗಿ ದಂಡೆಯ ಕಡೆ ತಿರುಗಿಸುತ್ತವೆ. ದಂಡೆಯಲ್ಲಿ ಬಲೆಯ ದೊಡ್ಡಿ ಕಾದಿರುತ್ತದೆ. ನನಗೆ ಬಲೆಯ ಒಂದು ಗಳ ಹಿಡಿದುಕೊಳ್ಳಲು ಹೇಳಿದರು. ಹಿಡಿಯುವ ಮೊದಲು ಎರಡು ಸಲ ಕೈ ಹಿಂದೆ ತೆಗೆದೆ. ಖಾದರ್ ಬಂದು ಅದೇ ಗಳವನ್ನು ತಾನೂ ಹಿಡಿದ.

ಇಲ್ಲಿನ ಬಲೆ ಬೇರೆ. ಮೆತ್ತಗಿನದು, ಎತ್ತರವಿಲ್ಲ, ಹಕ್ಕಿಗಳು ನಡೆದೇ ಒಳಗೆ ಬರುತ್ತವೆ. ಒಬ್ಬರೂ ಓಡುವುದಿಲ್ಲ, ಕೂಗುವುದಿಲ್ಲ. ಬಾತುಗಳು ಕತ್ತೆತ್ತಿದಾಗಲೆಲ್ಲ ದೋಣಿಗಳು ನಿಂತುಬಿಡುತ್ತಿದ್ದವು. ಕತ್ತು ಇಳಿದ ಮೇಲೆ ಒಂದು ಹುಟ್ಟು. ಎಂಬತ್ತು ಮಾರು ನೀರು ದಾಟಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ನಾನು ಅಂದು ಹಿನ್ನೀರಿನಲ್ಲಿ ತೆಗೆದುಕೊಂಡದ್ದು ಎರಡು ನಿಮಿಷ.

ದೊಡ್ಡಿಗೆ ಬಂದ ಹಕ್ಕಿಗಳಲ್ಲಿ ಹಳೆಯ ಪಟ್ಟಿಯವು ಆರು ಇದ್ದವು. ಆರನ್ನೂ ಓದಿದೆ. ಕೆ ೩೧ ಇರಲಿಲ್ಲ.

ಮೂರನೇ ದಿನ

ಬೆಳಿಗ್ಗೆ ದುಲ್ಮಾ ಯಾಕ್‌ಗಳ ಹಾಲು ಕರೆದು ಬಂದು, ಮರದ ಚಮಚದಲ್ಲಿ ಒಂದಿಷ್ಟನ್ನು ನಾಲ್ಕು ದಿಕ್ಕಿಗೆ ಎರಚಿದರು. ದಾರಿಗೆ ಹೊರಟವರಿಗಾಗಿ ಎರಚುವ ಹಾಲು ಅದು. ಶರತ್ಕಾಲದಲ್ಲಿ ಬಾತುಗಳು ದಕ್ಷಿಣಕ್ಕೆ ಎದ್ದಾಗಲೂ ಎರಚುತ್ತಾರಂತೆ. ಡ್ಯಾಂ ತುಂಬಿದಾಗ ನಾವು ನೀರಿಗೆ ಬಾಗಿನ ಬಿಡುತ್ತೇವೆ ಎಂದು ನಾನು ಹೇಳಿದೆ, ಬೋಲೋರ್ ಅನುವಾದಿಸಿದರು. ದುಲ್ಮಾ ತಲೆಯಾಡಿಸಿ, ಏನೋ ಉದ್ದಕ್ಕೆ ಮಾತಾಡಿ, ತಮ್ಮ ಕುತ್ತಿಗೆಗೆ ಬೆರಳಿನಿಂದ ಸುತ್ತು ಹಾಕಿ ತೋರಿಸಿದರು.

ಬೋಲೋರ್ ಎದ್ದು ನಿಂತರು. "ತೊರೆಯ ಹತ್ತಿರ ಒಂದು ಬರುತ್ತದಂತೆ, ಹಸಿರು ಕೊರಳಿನದು. ಬೇಸಿಗೆ ಶುರುವಾದಾಗಿನಿಂದ. ಕುಂಟುತ್ತದಂತೆ."

"ಮೊದಲೇ ಯಾಕೆ ಹೇಳಲಿಲ್ಲ?"

ಬೋಲೋರ್ ಕೇಳಿ, ಮೊದಲ ಸಲ ನಕ್ಕರು. "ನೀವೆಲ್ಲ ಸರೋವರದಲ್ಲಿ ಹುಡುಕುತ್ತಿದ್ದಿರಿ, ತೊರೆಯಲ್ಲಿ ಬೇಕೆಂದು ಯಾರು ಕೇಳಿದರು ಅನ್ನುತ್ತಾರೆ."

ತೊರೆ ಡೇರೆಯ ಹಿಂದೆಯೇ. ದುಲ್ಮಾ ತಮ್ಮ ಹಸುಗಳನ್ನು ಕಟ್ಟಿ ಕರೆಯುವ ಜಾಗ. ನಾವು ಒಂದು ಕಪ್ಪು ಕಲ್ಲಿನ ಪಕ್ಕ ಕೂತೆವು. ಒಂಬತ್ತು ನಲವತ್ತು. ನೂರೈವತ್ತು ಹೆಜ್ಜೆ ಆಚೆ, ಹುಲ್ಲಿನಲ್ಲಿ, ಎರಡು ದೊಡ್ಡ ಬಾತು ಮತ್ತು ಹಳದಿ ಬೂದು ಬಣ್ಣದ ಮರಿಗಳು. ಒಂದರ ಕೊರಳಲ್ಲಿ ಹಸಿರು. ಕೆ ಕಂಡಿತು. ೩ ಕಂಡಿತು. ಮುಂದಿನದು ಗರಿಯಲ್ಲಿ ಮುಚ್ಚಿತ್ತು.

ಖಾದರ್ ಲೆನ್ಸಿನಿಂದ ಕಣ್ಣು ತೆಗೆದ. "ಒಂದ್ ಇಪ್ಪತ್ತು ಹೆಜ್ಜಿ ಹೋಗೂಣ್ರಿ. ಈ ಲೆನ್ಸಿಗೆ ಸಾಕಾಗವಲ್ದು."

"ಬ್ಯಾಡ."

"ಹಾರಾಕ ಬರಂಗಿಲ್ಲಲ್ರೀ ಈಗ ಅವಕ್ಕ. ಎಲ್ಲಿ ಹೋಗ್ತಾವ?"

"ಅದಕ್ಕೇ ಬ್ಯಾಡ."

ಅವನು ನನ್ನನ್ನು ನೋಡಿದ. ಆಮೇಲೆ ಕಾಲು ಚಾಚಿ ಕೂತ. ಬೋಲೋರ್ ಕೂಡ ಕದಲಲಿಲ್ಲ. ನಮ್ಮ ಮುಂದೆ ದುಲ್ಮಾ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗುನುಗುತ್ತ ಹಾಲು ಕರೆಯುತ್ತಿದ್ದರು. ಹಸುಗಳ ಹತ್ತಿರ ಹುಲ್ಲು ಗಿಡ್ಡಕ್ಕೆ, ಎಳಸಾಗಿ ಇತ್ತು. ಬಾತುಗಳು ಅತ್ತಲೇ ಮೇಯುತ್ತ ಬಂದವು. ಎಷ್ಟು ನಿಧಾನವೆಂದರೆ, ಕಾಲುವೆಯಲ್ಲಿ ನೀರು ಏರುವುದನ್ನು ನೋಡಿದವರಿಗೆ ಮಾತ್ರ ಆ ನಿಧಾನದ ಪರಿಚಯವಿರುತ್ತದೆ. ನೋಡುತ್ತಿರುವಾಗ ಏರುವುದಿಲ್ಲ, ಪಟ್ಟಿಯ ಮೇಲಿನ ಗುರುತು ಮುಳುಗಿದ ಮೇಲೆ ಏರಿದೆಯೆಂದು ತಿಳಿಯುತ್ತದೆ. ನನ್ನ ಕಾಲು ಜೋಮು ಹಿಡಿಯಿತು. ಕೆನ್ನೆಯೊಳಗಿನ ಮೊಸರಿನ ಬಿಲ್ಲೆ ಕರಗಿತು.

ಅರವತ್ತು ಹೆಜ್ಜೆಗೆ ಬಂದಾಗ ಅದು ತೊರೆಯ ಒಂದು ಕಲ್ಲು ಹತ್ತಿತು. ಎಡಗಾಲಿನ ಪದರದಲ್ಲಿ ಸೀಳು ಇತ್ತು. ಗಾಯ ಒಣಗಿ ಅಂಚು ದಪ್ಪವಾಗಿತ್ತು. ರೆಕ್ಕೆ ಒಮ್ಮೆ ಬಿಚ್ಚಿ ಕೊಡವಿತು. ದೊಡ್ಡ ಗರಿಗಳ ಜಾಗದಲ್ಲಿ ಸಾಲಾಗಿ ನೀಲಿ ಕೊಳವೆಗಳು, ಅವುಗಳ ತುದಿಯಲ್ಲಿ ಬೆರಳುದ್ದದ ಹೊಸ ಗರಿ. ಅಂದು ಮುರಿದದ್ದು ಯಾವುದು, ಮುರಿಯದೆ ಉಳಿದದ್ದು ಯಾವುದು ಗೊತ್ತಾಗದಂತೆ ಎಲ್ಲವೂ ಹೊಸದಾಗಿ ಹುಟ್ಟುತ್ತಿದ್ದವು. ಆಮೇಲೆ ಅದು ತಾನಾಗಿ ಕತ್ತು ಚಾಚಿ, ಕಲ್ಲಿನ ಮೇಲಿಂದ ತನ್ನ ಮರಿಗಳ ಕಡೆ ತಿರುಗಿತು.

ಕೆ ೩೧. ಹನ್ನೊಂದು ಐವತ್ತೆರಡು. ಮರಿ ಐದು.

ಬರೆದುಕೊಳ್ಳಲು ಹೋದೆ, ಅಕ್ಷರ ಕೂಡಲಿಲ್ಲ. ಖಾದರ್ ಪುಸ್ತಕ ತೆಗೆದುಕೊಂಡು ತಾನೇ ಬರೆದ. "ಗೇಜ್ ತಪ್ಪಿ ಬರೀಬ್ಯಾಡ್ರಿ ಅಂತ," ಎಂದು ಮುಖ ಆಚೆ ತಿರುಗಿಸಿದ. ಬೋಲೋರ್ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ದುಲ್ಮಾ ನಮ್ಮನ್ನು ಒಮ್ಮೆ ನೋಡಿ, ಏನಾಯಿತು ಇವರಿಗೆ ಎಂಬಂತೆ ಮತ್ತೆ ಹಾಲು ಕರೆಯತೊಡಗಿದರು.

ನಾವು ಹೊರಟ ದಿನ ಅವರು ಜೀಪಿನ ಹಿಂದೆ ಹಾಲು ಎರಚಿದರು. ಹಿಂದಿನ ಗಾಜಿನ ಮೇಲೆ ನಾಲ್ಕು ಹನಿ ಬಿದ್ದು ಒಣಗಿದವು. ಉಲಾನ್‌ಬಾತರ್ ಮುಟ್ಟುವವರೆಗೆ ಅವನ್ನು ಯಾರೂ ಒರೆಸಲಿಲ್ಲ.

ಮತ್ತೆ ಹಿನ್ನೀರು

ಊರಿಗೆ ಬಂದ ಮರುದಿನ ಹುಲಿಗೆಮ್ಮನವರ ಗುಡಿಸಲಿಗೆ ಹೋದೆವು. ಡ್ಯಾಂ ತುಂಬುತ್ತಿತ್ತು. ಕಪ್ಪು ಬಂಡೆ ನೀರೊಳಗಿತ್ತು. ನಾನು ವಿಮಾನ, ಹುಲ್ಲು, ಉಪ್ಪಿನ ಚಹಾ ಎಂದು ವಿವರಿಸತೊಡಗಿದೆ. ಅವರು ಖಾದರ್ ಕೈಯಿಂದ ಫೋಟೊ ಕಸಿದುಕೊಂಡರು.

"ಮರಿ ಅದಾವಲ್ರೀ!" ಎಂದು ಕೂಗಿದರು. "ಐದು! ಇದನ್ನ ಮೊದಲ ಹೇಳೂದು ಬಿಟ್ಟು ಚಾ ಕತಿ ಹೇಳಾಕ ಹತ್ತೀರಿ ಸಾಹೇಬ್ರ!"

ನಿಮ್ಮ ಹೆಸರು ಅಲ್ಲಿಯ ಪುಸ್ತಕದಲ್ಲಿದೆ ಎಂದೆ. ಅದು ಅವರಿಗೆ ದೊಡ್ಡ ವಿಷಯವೆನಿಸಲಿಲ್ಲ. ಫೋಟೊವನ್ನು ಗುಡಿಸಲಿನ ಗಳಕ್ಕೆ, ದೇವರ ಪಟದ ಪಕ್ಕ ಸಿಕ್ಕಿಸಿದರು. ಅಂದಿನಿಂದ ಬಲೆ ಒಣಹಾಕುವ ಜಾಗವನ್ನು ಗುಡಿಸಲಿನ ಹಿಂದಕ್ಕೆ ಬದಲಿಸಿದ್ದಾರೆ. ನಾನು ಕೇಳಿಕೊಂಡಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಎಂಟೂಕಾಲಿಗೆ ಅವರ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ನಿಮ್ಮ ಪಟ್ಟಿ ಬಂದೈತ್ರಿ ಸಾಹೇಬ್ರ. ಜೋಡಿ ಈ ವರ್ಷದ ಮರಿ ಮೂರು ಅದಾವ. ನನ್ನ ಮುಂದನ ಮೇಯಾಕ ಹತ್ತ್ಯಾವ."

"ಐದರಲ್ಲಿ ಮೂರು," ಎಂದೆ. "ಅದೇ ಅಂತ ಹೆಂಗ ಗೊತ್ತಾತು? ಅಕ್ಷರ ಓದಿದ್ರೇನು?"

"ಓದಾಕ ನನಗೆಲ್ಲಿ ಬರತೈತಿ? ಎಡಗಾಲು ಹರಿದೈತಿ. ನನ್ನ ಬಲಿ ಹರಿದದ್ದು ನನಗ ಗೊತ್ತಾಗಂಗಿಲ್ಲೇನ್ರಿ?"

ಅಷ್ಟು ಹೊತ್ತಿಗೆ ನಾನು ಒಂದು ಬೂಟು ಹಾಕಿಕೊಂಡಾಗಿತ್ತು. ಅವರಿಗೆ ಕೇಳಿಸಿತೋ ಏನೋ.

"ನೀವು ಬರಬ್ಯಾಡ್ರಿ," ಎಂದರು. "ಅಲ್ಲೇ ಕುಂದ್ರಿ."

ಬೂಟು ಬಿಚ್ಚಿಟ್ಟೆ. ಹೋಗಲಿಲ್ಲ. ಬೋಲೋರ್ ಅವರಿಗೆ ಬರೆದೆ: ಕೆ ೩೧, ಮರಿ ಮೂರು, ತುಂಗಭದ್ರೆಯ ಹಿನ್ನೀರು, ಬೆಳಿಗ್ಗೆ ಎಂಟೂಕಾಲು, ನೋಡಿದವರು ಹುಲಿಗೆಮ್ಮ, ನಾನು ನೋಡಿಲ್ಲ. ಅವರು ಅದನ್ನು ಹಾಗೆಯೇ ಬರೆದುಕೊಂಡಿದ್ದಾರೆ.

ತೊರೆಯ ದಂಡೆಯಲ್ಲಿ ಅದನ್ನು ನೋಡಿದವರು ನಾಲ್ವರು: ದುಲ್ಮಾ, ಬೋಲೋರ್, ಖಾದರ್, ನಾನು. ದುಲ್ಮಾ ಚಳಿ ಶುರುವಾದಾಗ ತೀರಿಕೊಂಡರೆಂದು ಬೋಲೋರ್ ಅದೇ ಉತ್ತರದಲ್ಲಿ ತಿಳಿಸಿದರು. ಬಾತುಗಳು ಎದ್ದ ದಿನ ಹಾಲು ಎರಚಿದ್ದರಂತೆ. ಉಳಿದ ಮೂವರು ಇದ್ದೇವೆ. ಈ ಚಳಿಗಾಲ ಹಿನ್ನೀರಿನಲ್ಲಿ ಅದನ್ನು ನೋಡಿದವರು ಒಬ್ಬರೇ, ಹುಲಿಗೆಮ್ಮ. ಅವರೂ ಇದ್ದಾರೆ. ಬೆಳಿಗ್ಗೆ ಕಪ್ಪು ಬಂಡೆಯ ಎಡಕ್ಕೆ ಬಲೆ ಹೆಣೆಯುತ್ತ ಕೂತಿರುತ್ತಾರೆ. ಕೇಳಬೇಕೆನ್ನುವವರು ಹೋಗಿ ಕೇಳಬಹುದು, ಬಾತುಗಳು ತಾವಾಗಿ ಎದ್ದು ಹೋದ ಮೇಲೆ.